ಬಿಂದಿಗೆ ಖಾಲಿಯಾಗುವವರೆಗೆ

ಸೂಲಗಿತ್ತಿಯ ಹಬ್ಬದ ದಿನ ಆ ಊರಿನ ಗಂಡಸರು ಬಾಗಿಲು ಹಾಕಿಕೊಂಡು ಒಳಗೇ ಇರುತ್ತಾರೆ. ಬೀದಿಯಲ್ಲಿ ಸಿಕ್ಕಿದವನ ಟೋಪಿ ಕಿತ್ತುಕೊಂಡು, ಒಂದು ಶೀಶೆ ವೈನು ತಂದುಕೊಟ್ಟರಷ್ಟೇ ವಾಪಸು ಕೊಡುವುದು ಹೆಂಗಸರ ಹಕ್ಕು. ಆದರೆ ಆ ಜನವರಿಯ ಬೆಳಿಗ್ಗೆ ಪಟ್ಟಣದ ಬಸ್ಸಿನಿಂದ ಇಳಿದ ಸೆವ್ದಾಳಿಗೆ ಟೋಪಿಯೂ ಬೇಕಿರಲಿಲ್ಲ, ವೈನೂ ಬೇಕಿರಲಿಲ್ಲ. ಕಂಕುಳಲ್ಲಿ ಸೋಪು, ಟವೆಲಿನ ಗಂಟು. ಕೈಯಲ್ಲಿ ತವರಿನ ತಾಮ್ರದ ಬಿಂದಿಗೆ. ಬೀದಿಯ ಕೊಳಾಯಿಯ ಬಾಯಿಗೆ ಕಟ್ಟಿದ್ದ ಮಂಜುಗಡ್ಡೆಯನ್ನು ಕಲ್ಲಿನಿಂದ ಕುಟ್ಟಿ ಒಡೆದು, ಬಿಂದಿಗೆಯನ್ನು ಕಂಠದವರೆಗೆ ತುಂಬಿಸಿದಳು.

ಹೆತ್ತ ಹೆಂಗಸರೆಲ್ಲ ಆ ದಿನ ಸೂಲಗಿತ್ತಿ ವೇಲಜ್ಜಿಯ ಕೈಗೆ ನೀರು ಸುರಿದು, ಸೋಪು ಕೊಟ್ಟು, ಹೆಗಲಿಗೆ ಟವೆಲು ಹೊದಿಸಬೇಕು. ಸುರಿಯುವವಳ ಪಾತ್ರೆ ಬರಿದಾಗುವ ಮೊದಲೇ ಅಜ್ಜಿ ಕೈ ಹಿಂದಕ್ಕೆಳೆದುಕೊಂಡರೆ ಊರಿನ ಕೂಸುಗಳಿಗೆ ಆ ವರ್ಷ ಕೇಡು. ಹಾಗೆಂದು ಎಲ್ಲರಿಗೂ ಹೇಳಿಕೊಟ್ಟವಳು ವೇಲಜ್ಜಿಯೇ. ಮುದುಕಿಯ ಮೇಲಿನ ಕರುಣೆಯಿಂದ ಹೆಂಗಸರು ಪುಟ್ಟ ಹೂಜಿಯಲ್ಲಿ ಬೆಚ್ಚನೆಯ ನೀರು ತರುತ್ತಿದ್ದರು.

ಮೂರು ವರ್ಷದ ಹಿಂದೆ ಸೆವ್ದಾಳ ಗಂಡುಕೂಸು ಸತ್ತು ಹುಟ್ಟಿತ್ತು. ಬಸುರಿ ಉಲ್ಲನ್ ಹೆಣೆಯಬಾರದು, ಹೆಣೆದರೆ ಹೊಕ್ಕುಳಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂಬುದು ಅಲ್ಲಿಯ ನಂಬಿಕೆ. ಇವಳೋ ಕದ್ದುಮುಚ್ಚಿ ಒಂದು ಜೊತೆ ಕೆಂಪು ಕಾಲುಚೀಲ ಹೆಣೆದಿದ್ದಳು. ದಿಂಬಿನ ಕೆಳಗೆ ಅದು ಸಿಕ್ಕಿದ್ದೇ ತಡ, ವೇಲಜ್ಜಿ ಊರಿಗೆಲ್ಲ ಎತ್ತಿ ತೋರಿಸಿದಳು. ಅತ್ತೆ ಅದನ್ನು ಒಲೆಗೆ ಹಾಕಿದಳು. ಗಂಡ ಇವಳ ಪೆಟ್ಟಿಗೆಯನ್ನು ತವರಿನ ಬಾಗಿಲಲ್ಲಿ ಇಳಿಸಿ ಹೋದ. ಕೂಸನ್ನು ಕೊಂದವಳು ಎಂದು ಯಾರೂ ಎದುರಿಗೆ ಅನ್ನಲಿಲ್ಲ. ಬಸುರಿಯರು ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದರು, ಅಷ್ಟೆ. ಸೆವ್ದಾಳೂ ಅದನ್ನು ನಂಬಿದಳು. ತನ್ನ ಬೆರಳುಗಳನ್ನು ಕಂಡರೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ಆಮೇಲೆ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ನೆಲ ಒರೆಸುವವಳನ್ನು ಯಾರೂ ನೋಡುವುದಿಲ್ಲ. ಆದರೆ ಅವಳು ಎಲ್ಲವನ್ನೂ ನೋಡುತ್ತಾಳೆ. ಒಂದು ಮಧ್ಯಾಹ್ನ ಒಬ್ಬ ಬಸುರಿಯ ನೀರು ಒಡೆದು, ಅದರ ಜೊತೆಗೇ ಬಳ್ಳಿ ಹೊರಗೆ ಜಾರಿತು. ನರ್ಸು ಮಂಚದ ಮೇಲೇ ಹತ್ತಿ ಕೈ ಒಳಗಿಟ್ಟು, ಕೂಸಿನ ತಲೆ ಬಳ್ಳಿಯನ್ನು ಅದುಮದಂತೆ ಮೇಲಕ್ಕೆ ಒತ್ತಿ ಹಿಡಿದಳು. ಆಪರೇಷನ್ ಕೋಣೆಯವರೆಗೆ ಮಂಚದ ಜೊತೆಗೇ ಅವಳೂ ಹೋದಳು, ಕೈ ಮಾತ್ರ ತೆಗೆಯಲಿಲ್ಲ. ಕೂಸು ಉಳಿಯಿತು. ಸೆವ್ದಾ ಒರೆಸುವ ಕೋಲು ಹಿಡಿದುಕೊಂಡು ಗೋಡೆಗೆ ಒರಗಿದಳು. ಇಂಥದೇ ಬಳ್ಳಿಯನ್ನು, ಇದೇ ರೀತಿ ಜಾರಿದ್ದನ್ನು, ಅವಳು ತನ್ನ ತೊಡೆಗಳ ನಡುವೆ ಕಂಡಿದ್ದಳು. ಅಂದಿನಿಂದ ಅವಳು ಈ ಹಬ್ಬಕ್ಕಾಗಿ ಕಾದಿದ್ದಳು.

ಊರಿನ ಹೆರಿಗೆ ಮನೆಯ ಅಂಗಳದಲ್ಲಿ ಹೆಂಗಸರು ಸುತ್ತುಗಟ್ಟಿ ನಿಂತಿದ್ದರು. ನಡುವೆ ವೇಲಜ್ಜಿ, ಹೆಗಲ ತುಂಬ ಟವೆಲು. ಪಕ್ಕದಲ್ಲಿ ಅವಳ ಸೊಸೆ ದಿಮಾನಾ, ಏಳು ತಿಂಗಳ ಬಸುರಿ. ಬಿಂದಿಗೆ ನೋಡಿ ಒಬ್ಬಳು, "ಏನೇ ಅದು, ಕುದುರೆಗೆ ಕುಡಿಸೋಕೆ ತಂದ್ಯಾ?" ಎಂದಳು. ನಗು ಎದ್ದಿತು.

ವೇಲಜ್ಜಿ ನಗಲಿಲ್ಲ. "ಇದು ಹೆತ್ತೋರ ಹಬ್ಬ ಕಣೆ. ನೀನು ಏನು ಹೆತ್ತೆ ಅಂತ ಬಂದೆ?"

"ಹೆತ್ತಿದೀನಲ್ಲ ಅಜ್ಜಿ. ಆ ವರ್ಷ ಹಬ್ಬದಲ್ಲಿ ನಿಮ್ಮ ಕೈಗೆ ನೀರು ಹಾಕೋಕೆ ಯಾರೂ ಬಿಡಲಿಲ್ಲ."

ನೀರು ಬೇಡವೆನ್ನುವುದು ಸೂಲಗಿತ್ತಿಗೆ ಸಲ್ಲದು. ಅಜ್ಜಿ ಕೈ ಚಾಚಿದಳು. ಸೆವ್ದಾ ದಾರದಷ್ಟು ಸಣ್ಣಗೆ ಸುರಿಯತೊಡಗಿದಳು. ಸುರಿಯುತ್ತ, ತನ್ನ ಹೆರಿಗೆಯ ದಿನದ ಕಥೆಯನ್ನು ತಗ್ಗಿದ ದನಿಯಲ್ಲೇ ಹೇಳಿದಳು. ಅಂದು ದಿಮಾನಾಳ ಮದುವೆ. ಗಂಡಿನ ತಾಯಿ ವೇಲಜ್ಜಿಗೆ ಆತುರ. ಕಿಟಕಿಯಾಚೆ ಡೋಲು ಬಾರಿಸಿದಾಗಲೆಲ್ಲ ಅಜ್ಜಿ ಅತ್ತ ನೋಡುತ್ತಿದ್ದಳು.

"ಕೂಸಿನ ತಲೆ ಇನ್ನೂ ಮೇಲಿತ್ತು. ಬೇಗ ಆಗ್ಲಿ ಅಂತ ನೀವು ಕೊಕ್ಕೆ ಹಾಕಿ ನೀರಿನ ಚೀಲ ಒಡೆದ್ರಿ. ಬಳ್ಳಿ ಜಾರಿ ಬಂತು. ಈ ಕೈ ಒಳಗಿಟ್ಟು ತಲೇನ ಎತ್ತಿ ಹಿಡಿದು, ಪಟ್ಟಣದ ಗಾಡಿಗೆ ಹೇಳಿಕಳಿಸಿದ್ರೆ ಉಳೀತಿತ್ತೇನೋ. ನೀವು ಈ ಕೈನ ತೊಳ್ಕೊಂಡು ಹೋದ್ರಿ."

 ಅಜ್ಜಿಯ ಬೆರಳುಗಳು ಕೆಂಪಗಾಗಿ, ಆಮೇಲೆ ಬಿಳುಚಿಕೊಂಡವು. "ನೀನು ಹೆಣೆದೆ. ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು," ಎಂದಳು.

"ಸುತ್ತಿಕೊಂಡು ಬರೋ ಕೂಸುಗಳನ್ನ ವಾರಕ್ಕೊಂದೆರಡು ನೋಡ್ತೀನಿ ಅಜ್ಜಿ. ನರ್ಸು ಬೆರಳು ತೂರಿಸಿ ತಲೆ ಮೇಲಿಂದ ತೆಗೀತಾಳೆ, ಶಾಲು ತೆಗೆದ ಹಾಗೆ. ಬಾಯಿಬಿಟ್ಟು ಅಳ್ತಾವೆ. ಅವರಮ್ಮಂದಿರು ಮಂಚದ ಮೇಲೇ ಕೂತು ಹೆಣೀತಿರ್ತಾರೆ."

ಬಿಂದಿಗೆ ಇನ್ನೂ ಅರ್ಧ ಇತ್ತು. ಅಜ್ಜಿ ಕೈ ಎಳೆದುಕೊಳ್ಳಲು ಹೋದಳು. ಎಳೆಯ ಬಾಣಂತಿಯೊಬ್ಬಳು ಕೂಸನ್ನು ಎದೆಗೊತ್ತಿಕೊಂಡು, "ಬೇಡ ಅಜ್ಜಿ, ನಮ್ಮ ಮಕ್ಕಳಿಗೆ ಆಗಲ್ಲ," ಎಂದಳು. ಚಾಚಿದ ಕೈ ಅಲ್ಲೇ ನಿಂತಿತು. ತನ್ನ ಕೈ ಬೆಚ್ಚಗಿರುವುದು ಸೆವ್ದಾಳಿಗೆ ಮೊದಲ ಬಾರಿ ಅರಿವಾಯಿತು. ಇನ್ನಷ್ಟು ಸಣ್ಣಗೆ ಸುರಿದಳು.

ಆಗ ದಿಮಾನಾ ಬಾಯಿ ತೆರೆದಳು.

"ಅತ್ತೆ, ಅವತ್ತು ನೀವು ನಮ್ಮ ಮದುವೆಯ ರೊಟ್ಟಿ ಮುರಿಯೋ ಹೊತ್ತಿಗೆ ಬಂದ್ರಿ. ತೋಳು ಒದ್ದೆಯಾಗಿತ್ತು. ಸೆವ್ದಾ ಹೆತ್ತಳಾ ಅಂತ ನಾನೇ ಕೇಳಿದೆ. ಇನ್ನೂ ಹೊತ್ತಿದೆ, ಬೆಳಿಗ್ಗೆ ಆಗುತ್ತೆ ಅಂದ್ರಿ. ಆಮೇಲೆ ನನ್ನ ಕೈ ಹಿಡ್ಕೊಂಡು ಕುಣಿದ್ರಿ. ಕೂಸು ಆಗ್ಲೇ ಹೋಗಿತ್ತಾ?"

ವೇಲಜ್ಜಿ ಬಿಂದಿಗೆಯ ಬಾಯಿಯನ್ನೇ ನೋಡುತ್ತಿದ್ದಳು.  ದಿಮಾನಾ ಎರಡೂ ಕೈಗಳಿಂದ ತನ್ನ ಹೊಟ್ಟೆಯನ್ನು ಮುಚ್ಚಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಸೆವ್ದಾ, ಪಟ್ಟಣದ ಬಸ್ಸು ಎಷ್ಟೊತ್ತಿಗೆ?"

"ದಿನಾ ಎಂಟಕ್ಕೊಂದು, ಮೂರಕ್ಕೊಂದು."

"ನಿಮ್ಮ ಆಸ್ಪತ್ರೆಗೆ ಬಂದು ನಿನ್ನ ಹೆಸರು ಹೇಳಿದ್ರೆ ಒಳಗೆ ಬಿಡ್ತಾರಾ?"

"ಬಾ. ನಾನೇ ಬಾಗಿಲಲ್ಲಿ ನಿಂತಿರ್ತೀನಿ."

ಇಷ್ಟನ್ನು ಸೆವ್ದಾ ಕೇಳಿರಲೂ ಇಲ್ಲ, ಎಣಿಸಿರಲೂ ಇಲ್ಲ. ಮುದುಕಿಯ ಮೊದಲ ಮೊಮ್ಮಗು ಬೇರೆಯವರ ಕೈಗೆ ಬೀಳುತ್ತದೆ. ಎದೆಯೊಳಗೆ ಏನೋ ಸಿಹಿಯಾಗಿ ಇಳಿಯಿತು. ಅದಕ್ಕೆ ಅವಳು ನಾಚಿಕೊಳ್ಳಲಿಲ್ಲ.

ಕೊನೆಯ ಹನಿ ಬೀಳುವವರೆಗೆ ಬಿಂದಿಗೆಯನ್ನು ಬಗ್ಗಿಸಿ ಹಿಡಿದಳು. ಬೇಕೆಂದೇ ತಳ ತಟ್ಟಿ ಇನ್ನೆರಡು ಹನಿ ಬೀಳಿಸಿದಳು. ಅಜ್ಜಿ ಜೋಮು ಹಿಡಿದ ಕೈಗಳನ್ನು ಟವೆಲಿಗಾಗಿ ಮುಂದೆ ಮಾಡಿದಳು. ಸೆವ್ದಾ ತಂದಿದ್ದ ಟವೆಲನ್ನು ಬಿಚ್ಚಿದಳು, ಅದರಲ್ಲಿ ತನ್ನ ಕೈ ಒರೆಸಿಕೊಂಡಳು, ಮಡಿಸಿ ಮತ್ತೆ ಕಂಕುಳಿಗೆ ಸೇರಿಸಿದಳು. ಮೂರರ ಬಸ್ಸಿಗೆ ಹೊರಟಳು.

ಅಂಗಳದ ಗೇಟಿನಿಂದ ಒಮ್ಮೆ ತಿರುಗಿ ನೋಡಿದಳು. ವೇಲಜ್ಜಿ ಒದ್ದೆ ಕೈ ಚಾಚಿಕೊಂಡೇ ನಿಂತಿದ್ದಳು. ಹೆಗಲ ಮೇಲೆ ಅಷ್ಟೊಂದು ಟವೆಲುಗಳಿದ್ದವು. ಒಂದನ್ನೂ ಯಾರೂ ಎತ್ತಿಕೊಡಲಿಲ್ಲ.