ಹೀನ್‌ಬಂಡಾನ ಬಾಟಲಿ

ಜಯತಿಸ್ಸ ಏಣಿ ಹತ್ತಿ, ಓಣಿಯ ಕೊನೆಯ ಬೇವಿನ ಮರಕ್ಕೆ ಸಾವಿನ ಗುರುತಿನ ಬಿಳಿ ಬಾವುಟ ಕಟ್ಟುತ್ತಿದ್ದ. ಗಂಟು ಮತ್ತೆ ಮತ್ತೆ ಜಾರುತ್ತಿತ್ತು. ಕೆಳಗೆ ಏಣಿ ಹಿಡಿದಿದ್ದ ಗೆಳೆಯ ಪಿಯಲ್, "ಇಳಿಯೋ, ನಾನು ಕಟ್ತೀನಿ. ಅಪ್ಪನ್ನ ಒಳಗೆ ಮಲಗಿಸಿಕೊಂಡು ಮರ ಹತ್ತೋದು ಬೇಡ," ಎಂದ.

"ಕೈಗೆ ಏನಾದ್ರೂ ಕೆಲಸ ಬೇಕು ಕಣೋ. ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ."

ಅಪ್ಪ ಹೀನ್‌ಬಂಡಾ ಸತ್ತಿದ್ದು ಮೊನ್ನೆ ಬೆಳಗಿನ ಜಾವ. ವಿಹಾರದ ಹತ್ತಿರ ಸೋಸಿದ ನೀರು ಕೊಡುವ ಯಂತ್ರವಿದೆ. ದಿನಾ ಹೋಗುವಂತೆ ಅಲ್ಲಿಗೆ ಸೈಕಲ್ಲಿನಲ್ಲಿ ಹೊರಟಿದ್ದವನನ್ನು ಕೆರೆ ಏರಿಯ ಮೇಲೆ ಒಂಟಿ ಆನೆ ಅಡ್ಡಗಟ್ಟಿತು. ಮೆದವಚ್ಚಿಯ ಸೀಮೆಯವರಿಗೆ ಆನೆ ಹೊಸದಲ್ಲ, ಕಿಡ್ನಿ ರೋಗವೂ ಹೊಸದಲ್ಲ. ಆದರೆ ರೋಗದಿಂದ ಪಾರಾದ ಒಬ್ಬನೇ ಒಬ್ಬನನ್ನು ಆನೆ ಮುಗಿಸಿದ್ದು ಊರಿಗೆ ಸಿಡಿಲು ಬಡಿದಂತಾಗಿತ್ತು.

ಅಂಗಳದ ಚಪ್ಪರದಲ್ಲಿ ನೆರೆಮನೆಯ ಮುದುಕ ಮುದಿಯನ್ಸೆ ಮಾತಿಗೆ ಕೂತಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವನ ಮನೆಯಿಂದಲೇ ಅನ್ನ, ಒಣಮೀನಿನ ಸಾರು ಬಂದಿತ್ತು.

"ಕಸಿಪ್ಪು ಸಾರಾಯಿ ಕುಡಿಯೋದು ಬಿಟ್ಟ, ಎಲೆಯಡಿಕೆ ಬಿಟ್ಟ. ನನ್ನ ಬಾವಿ ನೀರನ್ನ ವಿಷ ಅಂದ. ಮೂರು ತಲೆಮಾರು ಕುಡಿದಿದ್ದೀವಿ ಅಂದ್ರೆ, ಅದಕ್ಕೇ ಮೂರು ತಲೆಮಾರೂ ಸ್ಮಶಾನದ ಗುಡ್ಡೆ ಮೇಲೆ ಮಲಗಿದೆ ಅಂದ. ಜಂಬದ ಮುದುಕ." ನಗುತ್ತಿದ್ದ ಮುದಿಯನ್ಸೆ ಹೆಗಲ ಬಟ್ಟೆಯಿಂದ ಕಣ್ಣೊರೆಸಿಕೊಂಡ. "ಈಗ ನನ್ನ ಬೈಯೋಕೆ ಯಾರಿದಾರೆ?"

ಒಳಗೆ ಪೆಟ್ಟಿಗೆಯ ಪಕ್ಕದಲ್ಲಿ ಬಿಳಿ ಸೀರೆ ಉಟ್ಟು ಕೂತಿದ್ದ ಹೆಂಡತಿ ರಣ್‌ಮೆನಿಕಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಒಳ್ಳೇ ನೀರು ಬೇಕು ಅಂತ ಹೋದ್ರು, ಅಷ್ಟೇ."

ಕ್ಲಿನಿಕ್ಕಿನ ನರ್ಸ್ ಸಂದಮಾಲಿ ತಾವರೆ ಹೂ ಹಿಡಿದು ಬಂದಳು. ಊರಿಗೆಲ್ಲ ಅವಳು ಮಿಸ್ಸಿ. ಹೆಣಕ್ಕೆ ಕೈಮುಗಿದು ಜಯತಿಸ್ಸನನ್ನು ಮನೆಯ ಹಿಂದಕ್ಕೆ ಕರೆದಳು.

"ತಮ್ಮಾ, ಮಣ್ಣು ಮಾಡೋ ಮುಂಚೆ ಅಪ್ಪನ ಗುಣ ಹೇಳೋ ಹೊತ್ತಿಗೆ ನಾನೂ ಎರಡು ಮಾತಾಡ್ತೀನಿ. ನಿಮ್ಮಪ್ಪನಷ್ಟು ಬೇಗ ಯಾರ ರೋಗಾನೂ ನಾವು ಹಿಡಿದಿರಲಿಲ್ಲ. ಅದನ್ನ ಕೇಳಿ ನಾಲ್ಕು ಗಂಡಸರು ಪರೀಕ್ಷೆಗೆ ಬಂದ್ರೂ ಸಾಕು."

"ರಕ್ತ ನೋಡಿದ್ರೆ ಅಷ್ಟು ಬೇಗ ಗೊತ್ತಾಗುತ್ತಾ ಮಿಸ್ಸಿ?" ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

"ರಕ್ತದಲ್ಲಿ ಏನೂ ಇರಲಿಲ್ಲ ತಮ್ಮಾ. ರಕ್ತದಲ್ಲಿ ಕಾಣಿಸೋ ಹೊತ್ತಿಗೆ ಅರ್ಧಕ್ಕರ್ಧ ಕಿಡ್ನಿ ಹೋಗಿರುತ್ತೆ. ಅದಕ್ಕೇ ಅಲ್ವಾ ಹೊಸ ಪರೀಕ್ಷೆ ತಂದಿದ್ದು? ಕಿಡ್ನಿಗೆ ಪೆಟ್ಟು ಬೀಳ್ತಿದ್ದ ಹಾಗೇ ಒಂದು ಪ್ರೋಟೀನು ಮೂತ್ರಕ್ಕೆ ಸೋರುತ್ತೆ. ನೀನು ತಂದು ಕೊಟ್ಟೆಯಲ್ಲ, ಆ ಬಾಟಲೀಲಿ ಸಿಕ್ಕಿತ್ತು. ಬಾಟಲೀಲಿ ಮಾತ್ರ."

ಜಯತಿಸ್ಸ ಗೋಡೆ ಹಿಡಿದುಕೊಂಡ.

"ಆಮೇಲೆ ನೋಡಿದಾಗೆಲ್ಲ ಪೂರಾ ಸ್ವಚ್ಛ. ಕೊಲಂಬೊದ ಡಾಕ್ಟರು ನಂಬಲೇ ಇಲ್ಲ, ಬಾಟಲಿ ಅದಲುಬದಲಾಗಿರಬೇಕು ಅಂದ್ರು. ನಾನು ಜಗಳಕ್ಕೇ ನಿಂತೆ. ಸ್ವಂತ ಮಗನೇ ತಂದು ಕೈಗೆ ಕೊಟ್ಟಿದ್ದು ಅಂದೆ."

*

ಮೂರು ವರ್ಷದ ಹಿಂದೆ, ಶಾಲೆಯಲ್ಲಿ ಕಿಡ್ನಿ ಪರೀಕ್ಷೆಯ ಶಿಬಿರ ನಡೆದ ದಿನ, ಹೀನ್‌ಬಂಡಾ ಬಾಟಲಿಯನ್ನು ಪತ್ರಿಕೆಯಲ್ಲಿ ಸುತ್ತಿ ಮಗನ ಕೈಗಿಟ್ಟಿದ್ದ. ಅದನ್ನು ಹೆಂಗಸರ ಎದುರು ಹಿಡಿದುಕೊಂಡು ಹೋಗಲು ಅವನಿಗೆ ನಾಚಿಕೆ. "ಅಲುಗಾಡಿಸಬೇಡ ಪುತಾ. ರಾಜನ ಅಭಿಷೇಕದ ನೀರು ಅಂದ್ಕೋ," ಎಂದು ತಾನು ರಕ್ತ ಕೊಡಲು ಮುಂದೆ ನಡೆದುಬಿಟ್ಟ.

ಜಯತಿಸ್ಸ ಹಿಂದೆ ಕೂತಿದ್ದ ಪಿಯಲ್‌ನ ಬೈಕು ಕಾಲುವೆಯ ಹತ್ತಿರ ಗುಂಡಿಗೆ ಬಿತ್ತು. ಮುಚ್ಚಳ ಕಳಚಿ, ಅಭಿಷೇಕ ಪಿಯಲ್‌ನ ಬೆನ್ನಿಗಾಯಿತು. ಅವನು ಅಂಗಿ ಬಿಚ್ಚಿ ಹಿಂಡುತ್ತ ಬೈದ, ಆಮೇಲೆ ನಕ್ಕ.

"ಈಗೇನೋ ಮಾಡೋದು? ಬಾಟಲಿ ಇಲ್ಲ ಅಂದ್ರೆ ಹೆಸರು ಹೊಡೆದುಹಾಕ್ತಾರಂತೆ," ಎಂದಿದ್ದ ಜಯತಿಸ್ಸ.

"ನಿಂದೇ ತುಂಬಿಸು. ಅಪ್ಪ ಮಗ ಬೇರೆನಾ?"

ಪೊದೆಯ ಹಿಂದೆ ಹೋಗಿ ತುಂಬಿಸಿ ತಂದ. ಇಬ್ಬರೂ ಶಾಲೆ ಬರುವ ತನಕ ನಕ್ಕರು. ಅಪ್ಪನಿಗೆ ರೋಗ ಶುರುವಾಗಿದೆ ಎಂದಾಗ ಅದು ಅವನು ಕೊಟ್ಟ ರಕ್ತದಲ್ಲೇ ಸಿಕ್ಕಿರಬೇಕು ಎಂದುಕೊಂಡ ಜಯತಿಸ್ಸ. ಬೇರೆ ಯೋಚನೆ ಸುಳಿಯಲೇ ಇಲ್ಲ. ಹೊಲದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡ. "ನೀನು ನೆರಳಲ್ಲಿ ಕೂತ್ಕೋ ಅಪ್ಪ, ನಾನಿದೀನಲ್ಲ," ಎಂದ. ನಡುಬಿಸಿಲಲ್ಲಿ ಬೆನ್ನಿಗೆ ಹುಳದ ಔಷಧಿಯ ಡಬ್ಬ ಹೊತ್ತು ಸಿಂಪಡಿಸಿದ. ಬಾಯಾರಿದಾಗ ಹೊಲದ ಬಾವಿಗೇ ಬಾಯಿಟ್ಟ. ಅಮ್ಮ ಎತ್ತಿಡುತ್ತಿದ್ದ ಸೋಸಿದ ನೀರನ್ನು ಮುಟ್ಟುತ್ತಿರಲಿಲ್ಲ. ಅದು ರೋಗಿಯ ಪಾಲಿನದು.

*

ಸಂಜೆ ಗುಡ್ಡೆಯ ಮೇಲೆ, ಪೆಟ್ಟಿಗೆ ಇಳಿಸುವ ಮೊದಲು ಸಂದಮಾಲಿ ಮಾತಾಡಿದಳು. ಹೇಗೆ ಈ ಮನುಷ್ಯ ಬರೀ ನೀರು ಬದಲಿಸಿ, ನೆರಳಲ್ಲಿ ಕೂತು ರೋಗವನ್ನು ಹಿಂದಕ್ಕೆ ಕಳಿಸಿದ ಎಂದಳು. ಗಂಡಸರು ತಲೆಯಾಡಿಸಿದರು. ಪಿಯಲ್ ಮಾತ್ರ ಜಯತಿಸ್ಸನ ಮುಖ ನೋಡಿ ಪಕ್ಕಕ್ಕೆ ಬಂದ.

"ಏನಾಯ್ತೋ? ಮುಖ ಬೂದಿ ಬಣ್ಣ ಆಗಿದೆ."

"ಬಾಟಲಿ ನೆನಪಿದೆಯಾ? ನಿನ್ನ ಬೆನ್ನ ಮೇಲೆ ಚೆಲ್ಲಿದ್ದು. ರೋಗ ಸಿಕ್ಕಿದ್ದು ರಕ್ತದಲ್ಲಲ್ಲ, ಆ ಬಾಟಲೀಲಿ ಮಾತ್ರ ಅಂತೆ."

ಪಿಯಲ್ ನಗಲು ಹೋಗಿ ಬಾಯಿ ತೆರೆದಂತೆಯೇ ನಿಂತ. ಅವನಿಗೂ ಅರ್ಥವಾಗಿತ್ತು.

ಜಯತಿಸ್ಸ ಎಲ್ಲರ ಜೊತೆ ಮಣ್ಣು ಹಾಕಿದ. ಅಪ್ಪನಿಗಾಗಿ ಅಳಬೇಕೆಂದುಕೊಂಡ, ಆಗಲಿಲ್ಲ. ತನ್ನದೇ ಭಯ ಎದೆ ತುಂಬಿತ್ತು, ಆ ಭಯಕ್ಕೆ ನಾಚಿಕೆಯೂ ಆಗುತ್ತಿತ್ತು. ರೋಗವೇ ಇಲ್ಲದ ಅಪ್ಪನಿಗೆ ಆ ಸೋಸಿದ ನೀರು ಬೇಕೇ ಇರಲಿಲ್ಲ. ಆ ಜಾವದಲ್ಲಿ ಅವನು ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿರಬಹುದಿತ್ತು.

ಮನೆಗೆ ಬಂದು ಎಲ್ಲರೂ ಕಾಲು ತೊಳೆಯುವಾಗ ಅವನು ಸಂದಮಾಲಿಯ ಎದುರು ನಿಂತ.

"ಮಿಸ್ಸಿ, ಕೊಲಂಬೊದ ಡಾಕ್ಟರು ಹೇಳಿದ್ದೇ ಸರಿ. ದಾರೀಲಿ ಅಪ್ಪಂದು ಚೆಲ್ಲಿಹೋಯ್ತು. ಅದರಲ್ಲಿದ್ದದ್ದು ನಂದು."

ಅವಳು ಬೈಯಲಿಲ್ಲ. ಅವನನ್ನು ಕಲ್ಲಿನ ಮೇಲೆ ಕೂರಿಸಿದಳು. "ಸುಸ್ತಾಗುತ್ತಾ?"

"ಬಿಸಿಲಿಗೆ ಯಾರಿಗಾಗಲ್ಲ ಮಿಸ್ಸಿ?"

"ರಾತ್ರಿ ಮೂತ್ರಕ್ಕೆ ಎದ್ದೆದ್ದು ಹೋಗ್ತೀಯಾ? ಕಿಡ್ನಿ ಸೋತ್ರೆ ಕಾಲಿಗೆ ನೀರು ತುಂಬುತ್ತೆ, ತೋರಿಸು."

ಅವನು ತಲೆ ತಗ್ಗಿಸಿದ. ಅವಳು ಬಿಳಿ ಸೀರೆಯಲ್ಲೇ ಮಣ್ಣಿಗೆ ಮೊಣಕಾಲೂರಿ ಅವನ ಸರೋಂಗ್ ಲುಂಗಿಯನ್ನು ಮೊಣಕಾಲಿಗೆ ಸರಿಸಿದಳು.

ರಣ್‌ಮೆನಿಕಾ ಬಾಗಿಲಿಗೆ ಬಂದು, "ಏನು ಮಿಸ್ಸಿ, ನನ್ನ ಮಗನ ಕಾಲಿಗೆ ಮುಳ್ಳು ಚುಚ್ತಾ?" ಎಂದಳು.

ಸಂದಮಾಲಿ ಅವನ ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ತೆಗೆದಳು. ಬೆರಳಿದ್ದ ಜಾಗದಲ್ಲಿ ಗುಳಿ ಬಿತ್ತು. ಮೂವರೂ ನೋಡುತ್ತಿದ್ದರು. ಅದು ಮೇಲೇಳಲಿಲ್ಲ.