ಬೋರಕ್ಕನ ಕೈಯ ಕಂಕಣ

ತೊಂಬತ್ತೆಂಟರ ಕಾರ್ತಿಕದ ಮೊದಲ ದಿನ ನಮ್ಮ ಮಹಿಳಾ ಸಮಾಜದ ಅನ್ನಪೂರ್ಣಮ್ಮನವರು ಎಲ್ಲರ ಕೈಗೂ ಅರಿಸಿನ ಕೊಂಬಿನ ಕಂಕಣ ಕಟ್ಟಿದರು. ತಿಂಗಳು ಪೂರ್ತಿ ದಿನಕ್ಕೊಂದು ಕವಿತೆ ಬರೆದು, ಸಂಜೆ ಅವರ ಮನೆ ಜಗಲಿಯಲ್ಲಿ ಓದಬೇಕು.

“ಹಿಂಗೆ ಕಟ್ಟದಿದ್ರೆ ನೆಂಟ್ರು ಬಂದ್ರು, ಹಪ್ಪಳ ಒಣಗಾಕ್ಬೇಕು ಅಂತ ತಪ್ಪಿಸ್ಕಂತೀರಿ. ಈಗ ದೇವಿ ಮುಂದೆ ಕಟ್ಟೀನಿ, ತಪ್ಪಿಸ್ರಿ ನೋಡಾಣ,” ಎಂದು ನಕ್ಕರು.

ನಾನೂ ನಕ್ಕೆ. ಬಿ.ಎ. ಓದಿದವಳು, ದಾರಕ್ಕೆ ಹೆದರುತ್ತೇನೆಯೇ? ಸೇವಂತಿಗೆಯ ಮೇಲೆ ಬರೆದೆ, ನಮ್ಮ ದುರ್ಗದ ಕೋಟೆಯ ಗಿಳಿಗಳ ಮೇಲೆ ಬರೆದೆ.

ಒಂದು ಬೆಳಿಗ್ಗೆ ಹೊಸದುರ್ಗದಿಂದ ಅಳಿಯ ಮಾರುತೇಶನ ಫೋನು ಬಂತು. “ಅತ್ತೆ, ನೇತ್ರಾಗೆ ನೋವು ಶುರುವಾಗೈತೆ. ಆಸ್ಪತ್ರೆಗೆ ಕರ್ಕಂಡು ಬಂದೀವಿ. ಬೇಗ ಬರ್ರಿ.”

ಮಗಳಿಗೆ ಇನ್ನೂ ಏಳು ತಿಂಗಳು. ಹಿಂದಿನ ಬಸಿರು ನಿಂತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸು ಹೊರಟು ನಿಂತಿತ್ತು. ಹತ್ತಲೆಂದು ಕಂಬಿ ಹಿಡಿದಾಗ ಕೈಯ ಕಂಕಣ ಕಣ್ಣಿಗೆ ಬಿತ್ತು. ನಮ್ಮ ತವರಿನಲ್ಲಿ ಕಂಕಣ ಕಟ್ಟಿಕೊಂಡವರು ಊರ ಗಡಿ ದಾಟುತ್ತಿರಲಿಲ್ಲ. ದಾಟಿದರೆ ಮನೆಯ ಕೂಸಿಗೆ ಕೇಡು ಎಂದು ಅವ್ವ ದನಿ ತಗ್ಗಿಸಿ ಹೇಳುತ್ತಿದ್ದಳು. ಬಿಚ್ಚಿ ಎಸೆದರೆ ವ್ರತ ಮುರಿದಂತೆ. ಕಟ್ಟಿಕೊಂಡೇ ಹೋದರೆ ಗಡಿ ದಾಟಿದಂತೆ. ಓದಿದ್ದೊಂದೂ ನೆರವಿಗೆ ಬರಲಿಲ್ಲ. ಮೆಟ್ಟಿಲಿನಿಂದ ಕೆಳಗಿಳಿದೆ.

“ಹತ್ತೀರೋ ಇಲ್ವೋ ಅಜ್ಜಿ?” ಕಂಡಕ್ಟರ್ ರೇಗಿದರು.

ಪಕ್ಕದಲ್ಲೇ ಹೂ ಮಾರುವ ಬೋರಕ್ಕ ಕೂತಿದ್ದಳು. ನನಗೆ ಹೂ ಅಳೆಯುವಾಗ ಮೊಳಕ್ಕಿಂತ ಗೇಣುದ್ದ ಜಾಸ್ತಿ ಬಿಡುವವಳು. “ಯಾಕ್ರವ್ವ, ಮಖ ಹಿಂಗೆ ಬಿಳಿಚ್ಕಂಡೈತೆ?” ಎಂದಳು. ತೊದಲುತ್ತ ಹೇಳಿದೆ. ಅವಳು ನಗಲಿಲ್ಲ. ಕೈ ಚಾಚಿದಳು.

“ನನ್ ಕೈಗೆ ಕಟ್ರಿ. ನೀವು ಬರಗಂಟ ನಾನು ಊರು ದಾಟಲ್ಲ.”

“ದಿನಾ ಕವಿತೆ ಕಟ್ಟಬೇಕಲ್ಲೇ?”

“ಬೀಸೋ ಪದ ಇಲ್ವೇನ್ರಿ? ದಿನಕ್ಕೊಂದು ಹೊಸ್ದಾಗಿ ಕಟ್ಟಿ ಹೇಳ್ತೀನಿ. ದೇವಿ ಏನು ಕಾಗದ ಕೇಳ್ತಾಳಾ?”

“ನಿನಗೇನಾದರೂ ಆದರೆ?”

“ಮದ್ಲು ಬಸ್ ಹತ್ರವ್ವ!”

ಗಂಟು ಬಿಚ್ಚಿ ಕಂಕಣವನ್ನು ಅವಳ ಕೈಗೆ ಕಟ್ಟಿದೆ. ರೇಗಿದ್ದ ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದದೆ ಕಾದರು.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನರ್ಸಮ್ಮನ ಚಪ್ಪಲಿ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಆಕೆ ನನ್ನನ್ನು ಕೂರಿಸಿ, ತನ್ನ ಟೀಯಲ್ಲಿ ಅರ್ಧ ಬಗ್ಗಿಸಿ ಕೊಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಒಂದೇ ಯೋಚನೆ: ಬೋರಕ್ಕ ಪದ ಹೇಳಿದಳೋ, ಮರೆತಳೋ? ಮಗು ಕೊಂಚ ಚೇತರಿಸಿಕೊಂಡ ದಿನ ಇನ್ನೊಂದು ಹೆದರಿಕೆ ಹುಟ್ಟಿತು. ಇಲ್ಲಿಂದ ಸರಿದ ಕೇಡು ಅವಳ ಮನೆಗೆ ಹೋಗಿರಬಹುದೇ?

ಕಾರ್ತಿಕ ಮುಗಿಯಲು ಬಂದಾಗ ಮಗು ತಾನೇ ಹಾಲು ಚೀಪಿತು. ಇನ್ನು ಭಯವಿಲ್ಲ ಎಂದರು ಡಾಕ್ಟರು. ನಾನು ದುರ್ಗಕ್ಕೆ ಮರಳುವ ಬಸ್ಸು ಹತ್ತಿದೆ.

ಬೋರಕ್ಕನ ಜಾಗ ಖಾಲಿಯಿತ್ತು.

“ನಿನ್ನೆ ಭೀಮಸಮುದ್ರದಾಗೆ ಅವಳಣ್ಣನ ಮಗಳ ಮದುವೆ,” ಎಂದಳು ಪಕ್ಕದ ಹೂವಿನ ಚಿತ್ತಮ್ಮ.

“ಹಾಗಾದರೆ ಊರು ದಾಟಿದಳಾ?” ಎಂದೆ. ಅವಳ ಖಾಲಿ ಜಾಗದಲ್ಲೇ ಕೂತೆ.

“ಹೋಗ್ಲಿಲ್ಲ ಕಣ್ರಿ! ಅಣ್ಣ ಬಂದು ಬಾಯಿಗೆ ಬಂದಂಗೆ ಬೈದ. ಇವಳು ಅಳ್ಕಂಡು ಮನೆಯಾಗೆ ಕುಂತು ಪದ ಹೇಳ್ತಿದ್ಲು. ಹುಚ್ಚಿ.”

ಅಷ್ಟರಲ್ಲಿ ಬೋರಕ್ಕ ಬುಟ್ಟಿ ಹೊತ್ತು ಬಂದಳು. ಕಣ್ಣು ಊದಿದ್ದವು. ಬುಟ್ಟಿ ಇಳಿಸುವ ಮೊದಲೇ, “ಕೂಸು?” ಎಂದಳು.

“ಹಾಲು ಕುಡೀತೈತೆ ಕಣೆ.”

ಕೈ ಚಾಚಿದಳು. “ಬಿಚ್ರಿ ಮತ್ತೆ ಜಲ್ದಿ. ಬೀಗರೂಟಕ್ಕಾದ್ರೂ ಹೋಗ್ತೀನಿ.”

ಬಿಚ್ಚಿ ನನ್ನ ಕೈಗೇ ಕಟ್ಟಿಕೊಂಡೆ. ಅವಳ ಬುಟ್ಟಿಯನ್ನು ಚಿತ್ತಮ್ಮ ತನ್ನ ಕಡೆಗೆ ಎಳೆದುಕೊಂಡಳು. ಭೀಮಸಮುದ್ರದ ಬಸ್ಸು ಬೋರಕ್ಕನನ್ನು ಹತ್ತಿಸಿಕೊಂಡು ಹೋಯಿತು.

ತಿಂಗಳಿಗೆ ಇನ್ನೂ ಕೆಲವು ದಿನ ಉಳಿದಿದ್ದವು. ಮಗು ಗಡಿಯ ಆಚೆಗಿತ್ತು, ನಾನು ಈಚೆಗೆ. ಅನ್ನಪೂರ್ಣಮ್ಮನವರ ಮನೆಯತ್ತ ನಡೆಯುತ್ತ, ಆ ಸಂಜೆಯ ಪದಕ್ಕಾಗಿ ತಡಕಾಡತೊಡಗಿದೆ. ಸೇವಂತಿಗೆಯಾಗಲಿ, ಗಿಳಿಯಾಗಲಿ ಹತ್ತಿರ ಬರಲಿಲ್ಲ; ಬೋರಕ್ಕ ಚಾಚಿದ ಕೈಯೊಂದೇ ಕಣ್ಣೆದುರಿತ್ತು.