ಮೂರನೇ ಸಲ ಒತ್ತಿದ ಹೆಬ್ಬೆಟ್ಟು

ನಾನು ಒಂದು ಇಂಕ್ ಪ್ಯಾಡು. ತಗಡಿನ ಡಬ್ಬಿ, ಒಳಗೆ ಮೆತ್ತನೆಯ ಬಟ್ಟೆ, ಆ ಬಟ್ಟೆ ಕುಡಿದ ನೇರಳೆ ಮಸಿ. ಇಷ್ಟೇ ನನ್ನ ಮೈ. ಯಾವುದೋ ಶೆಡ್ಡಿನಲ್ಲಿ ಹೆಂಗಸರು ನನ್ನನ್ನು ಮಾಡಿದರು. ಅವರ ಉಗುರುಗಳೂ ನೇರಳೆಯಾಗಿದ್ದವು.

ಮೊದಲು ಸೇರಿದ್ದು ತುಂಗಭದ್ರಾ ಕಾಲುವೆಯ ಕಡೆಯ ಊರೊಂದರ ರೇಷನ್ ಅಂಗಡಿ. ಅಲ್ಲಿ ಹೆಬ್ಬೆಟ್ಟುಗಳನ್ನು ಕೆಳಗಿನಿಂದ ನೋಡುತ್ತ ಬೆಳೆದೆ. ಕಳೆ ಕಿತ್ತು ಸವೆದದ್ದು, ಸುಣ್ಣಕ್ಕೆ ಸುಟ್ಟದ್ದು. ಬೆರಳು ಗುರುತಿಸುವ ಮಿಷನ್ನು ಬಂದ ಮೇಲೆ ನನಗೆ ಕೆಲಸ ಉಳಿಯಲಿಲ್ಲ. ಒಂದು ದಿನ ಪೇದೆಯೊಬ್ಬರು "ಠಾಣೇದ್ದು ಒಣಗೇತಿ, ಇದನ್ನ ಒಯ್ತೀನಿ" ಎಂದು ನನ್ನನ್ನು ಜೇಬಿಗೆ ಹಾಕಿಕೊಂಡರು. ಅಂಗಡಿಯವನು ಬೇಡವೆನ್ನುವಂತಿರಲಿಲ್ಲ. ಹೀಗೆ ನಾನು ಠಾಣೆಗೆ ಬಂದೆ. ಅದರ ಬಗ್ಗೆ ಯಾರೂ ದೂರು ಕೊಡಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ರೈಟರ್ ಅಮರೇಗೌಡರು. ಜನ ಅಳುತ್ತ ಹೇಳಿದ್ದರಲ್ಲಿ ತಮಗೆ ಬೇಕಾದಷ್ಟನ್ನು ಬರೆದು, "ಒತ್ತು" ಎಂದು ನನ್ನನ್ನು ಮುಂದೆ ತಳ್ಳುವರು. ಜನ ಒತ್ತುವರು. ಹಾಳೆಯಲ್ಲಿ ಏನಿದೆಯೆಂದು ಮೂರು ವರ್ಷ ಯಾರೂ ಕೇಳಲಿಲ್ಲ. ತಲೆ ಒಡೆದ ಏಟುಗಳು ನನ್ನ ಮಸಿಯಲ್ಲಿ ಬರೀ ಬಾಯಿಜಗಳವಾದವು. ಆ ಪಾಪದಲ್ಲಿ ನನಗೂ ಪಾಲಿದೆ.

ಒಂದು ಮಧ್ಯಾಹ್ನ ಹುಲಿಗೆಮ್ಮ ಬಂದಳು. ಅಕ್ಕಿ ಗಿರಣಿಯ ಕೂಲಿಯವಳು, ಬಲಗೈಗೆ ಪ್ಲಾಸ್ಟರ್. ಜೊತೆಗೆ ಅದೇ ಗಿರಣಿಯ ಮೈಬೂಬಿ. ಹೆಂಗಸರಿಗೆ ಕಕ್ಕಸು ಕಟ್ಟಿಸಿರೆಂದು ಕೇಳಿದ್ದಕ್ಕೆ ಮೇಸ್ತ್ರಿ ವಿರೂಪಣ್ಣ ಹುಲಿಗೆಮ್ಮನನ್ನು ಅಕ್ಕಿಚೀಲಗಳ ರಾಶಿಯ ಮೇಲಿಂದ ನೂಕಿದ್ದ.

ಗೌಡರು ಬರೆದು ನನ್ನನ್ನು ತಳ್ಳಿದರು. ಅವಳ ಎಡ ಹೆಬ್ಬೆಟ್ಟು ನನ್ನ ಮೇಲೆ ಇಳಿಯಿತು, ಎದ್ದಿತು, ಹಾಳೆ ಮುಟ್ಟದೆ ಗಾಳಿಯಲ್ಲೇ ನಿಂತಿತು.

"ಓದ್ರಿ ಮೊದ್ಲ."

"ನಿನಗ ಓದಾಕ ಎಲ್ಲಿ ಬರತೈತವಾ?"

"ಕೇಳಾಕ ಬರತೈತ್ರಿ."

ಗೌಡರು ಓದಿದರು: "ಚೀಲದ ಮೇಲಿನಿಂದ ಆಯತಪ್ಪಿ ಬಿದ್ದು..."

"ನಾ ಬಿದ್ದಿಲ್ರಿ. ನೂಕ್ಯಾನ."

"ಕೈ ಮುರಿದದ್ದು ಖರೇನ ಐತಲ್ಲ. ಎರಡೂ ಒಂದ."

"ಒಂದ ಆಗಿದ್ರ ನಾ ಹೇಳಿದ್ದ ಬರೀರಿ."

ಅವರು ಪೆನ್ನು ಕೆಳಗಿಟ್ಟರು. "ಆ ಗಿರಣಿ ನಮ್ಮ ಠಾಣೆ ಸರಹದ್ದಿನಾಗ ಬರಂಗಿಲ್ಲ."

"ಎಲ್ಲಿ ನಡೆದ್ರೂ ಇಲ್ಲಿ ಬರಕೋಬೇಕಂತ್ರಿ. ಆಮ್ಯಾಲ ಆ ಠಾಣೆಗೆ ನೀವ ಕಳಸಬೇಕಂತ. ನಮ್ಮ ಕೂಲಿ ಹೆಂಗಸರ ಸಂಘದಾಗ ಕಾನೂನಿನ ಪುಸ್ತಕ ಓದಿ ಹೇಳ್ಯಾರ."

"ಸಂಘದಾಗ ಹಾಡು ಹೇಳ್ತೀರಂತ ತಿಳ್ಕೊಂಡಿದ್ದೆ."

"ಹಾಡೂ ಹೇಳ್ತೀವ್ರಿ," ಎಂದಳು ಮೈಬೂಬಿ. "ನೀವು ಬರಕೊಳ್ಳಲಿಲ್ಲಂದ್ರ ಎಸ್ಪಿ ಸಾಹೇಬ್ರಿಗೆ ಪೋಸ್ಟ್ ಹಾಕ್ತೀವಿ. ಪೋಸ್ಟಾಫೀಸು ಮುಂದಿನ ಓಣ್ಯಾಗ ಐತಿ."

ಎರಡನೇ ಹಾಳೆ ಬಂತು. ಅಷ್ಟರಲ್ಲಿ ಬೆರಳಿನ ಮಸಿ ಒಣಗಿತ್ತು. ಹುಲಿಗೆಮ್ಮ ಮತ್ತೆ ನನ್ನನ್ನು ಒತ್ತಿ ಕಾದಳು. ಗೌಡರು ಓದಿದರು: "ಯಾರೋ ನೂಕಿದಂತಾಗಿ..."

"ಯಾರೋ ಅಲ್ರಿ. ಅವಂಗ ಹೆಸರೈತಿ."

ಬೆಂಚಿನ ಮೇಲೆ ಕಾಯುತ್ತಿದ್ದವರು ನಕ್ಕರು. ಗೌಡರು ನಗಲಿಲ್ಲ. ಆದರೆ ಮೂರನೇ ಹಾಳೆ ತೆಗೆದು, ಅವಳು ಒಂದೊಂದೇ ಮಾತು ಹೇಳಿದಂತೆ ಬರೆದರು. ವಿರೂಪಣ್ಣನ ಹೆಸರು, ನೂಕಿದ ಹೊತ್ತು, ಕಂಡವಳು ಮೈಬೂಬಿ. ಪೂರ್ತಿ ಓದಿ ಹೇಳಿದರು. ಆಗ ಆ ಹೆಬ್ಬೆಟ್ಟು ಮೂರನೇ ಸಲ ನನ್ನ ಮೇಲೆ ಇಳಿಯಿತು, ಈ ಸಲ ಹಾಳೆಯ ಮೇಲೂ ಇಳಿಯಿತು. ಹಾಳೆಯಲ್ಲಿ ಏನಿದೆಯೆಂದು ತಿಳಿದು ಅದುವರೆಗೆ ಯಾರೂ ನನ್ನನ್ನು ಒತ್ತಿರಲಿಲ್ಲ.

"ಎಫ್‌ಐಆರ್ ನಕಲು ಕೊಡ್ರಿ," ಎಂದಳು. "ಪುಕ್ಕಟೆ ಕೊಡಬೇಕಂತ." ಕೈಗೆ ಬರುವತನಕ ಇಬ್ಬರೂ ಬೆಂಚು ಬಿಟ್ಟು ಏಳಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಗಿರಣಿಯಲ್ಲಿ ಕಕ್ಕಸಿನ ಗೋಡೆ ಎದ್ದಿದೆಯಂತೆ, ಬಾಗಿಲು ಬಂದಿಲ್ಲ.

ನಾನೀಗ ಒಣಗಿದ್ದೇನೆ. ಮುಚ್ಚಳ ಕಳಚಿದೆ. ಕಿಟಕಿಯ ಕಟ್ಟೆಯ ಮೇಲೆ ಗುಂಡುಸೂಜಿಗಳನ್ನು ಹೊತ್ತು ಕೂತಿದ್ದೇನೆ. ಮೇಜಿನ ಮೇಲೆ ಹೊಸ ಪ್ಯಾಡು ಬಂದಿದೆ. ಯಾರೋ ತೋರಿದ ಕನಿಕರದಿಂದ ಇಲ್ಲಿ ಏನೂ ಬದಲಾಗಲಿಲ್ಲ. ಒಂದು ಹೆಬ್ಬೆಟ್ಟು ಗಾಳಿಯಲ್ಲಿ ತಡೆದು ನಿಂತದ್ದರಿಂದ ಬದಲಾಯಿತು.

ನಿನ್ನೆ ಇಟ್ಟಿಗೆ ಭಟ್ಟಿಯ ಹೆಂಗಸೊಬ್ಬಳು ಬಂದಿದ್ದಳು. ಗೌಡರು ಬರೆದರು, ಯಾರೂ ಕೇಳದಿದ್ದರೂ ಓದಿದರು. "ಸರಿ ಐತೇನವಾ?" ಎಂದರು.

ಅವಳು ತುಸು ಯೋಚಿಸಿದಳು. "ಇಲ್ರಿ. ಇನ್ನೊಮ್ಮೆ ಓದ್ರಿ."

ಗೌಡರು ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಶುರು ಮಾಡಿದರು.